ಕಾಟೊನ ಹೆಬ್ಬೆಟ್ಟು

ಮೂರನೆಯ ಸಲವೂ ಕೆಂಪು ದೀಪವೇ ಹತ್ತಿತು.

"ಕೈ ಒರೆಸ್ಕೊಳ್ಳಿ," ಎಂದಳು ಮೇಜಿನಾಚೆ ಕೂತ ಅಪೊಲೊಟ್. ಬೈಕುಗಳನ್ನು ಕಂತಿನ ಮೇಲೆ ಕೊಡುವ ಆ ಅಂಗಡಿಯಲ್ಲಿ ಕಾಗದಪತ್ರ ನೋಡುವ ಕೆಲಸ ಅವಳದು. "ಬೋಡ ಬೈಕು ಓಡಿಸೋರ ಬೆರಳೇ ಹಿಂಗೆ. ದಿನಾ ಜನರನ್ನ ಹೊತ್ತೂ ಹೊತ್ತೂ, ಹ್ಯಾಂಡಲ್ ಹಿಡಿದೂ ಹಿಡಿದೂ ಗೆರೆಯೆಲ್ಲ ಸವೆದು ಹೋಗಿರುತ್ತೆ. ನಿನ್ನೆ ಒಬ್ಬನ ಕೈಲಿ ಹನ್ನೊಂದು ಸಲ ಒತ್ತಿಸಿದೀನಿ. ಹನ್ನೆರಡನೇ ಸಲಕ್ಕೆ ಮಿಷನ್ನೇ ಸೋತು ಹಸಿರು ತೋರಿಸ್ತು."

ವಾಸ್ವ ಹೆಬ್ಬೆಟ್ಟನ್ನು ಪ್ಯಾಂಟಿನ ಮೊಣಕಾಲಿಗೆ ಉಜ್ಜಿ ಮತ್ತೆ ಬೆರಳಚ್ಚು ಯಂತ್ರದ ಗಾಜಿನ ಮೇಲಿಟ್ಟ. ಕೆಂಪು.

ಮೇಜಿನ ಮೇಲೆ ಗುರುತಿನ ಚೀಟಿ ಇತ್ತು. ಅದರಲ್ಲಿದ್ದ ಮುಖ ಅವನದೇ. ಅದೇ ಅಗಲ ಹಣೆ, ಅದೇ ಕೂಡಿದ ಹುಬ್ಬು, ಬಲಗಿವಿ ಎಡಗಿವಿಗಿಂತ ಒಂದು ಚೂರು ಹೆಚ್ಚು ಹೊರಗೆ ಬಾಗಿದ್ದು ಸಹ. ಆದರೆ ಚೀಟಿ ಅವನದಲ್ಲ. ಅವನಿಗಿಂತ ಕಾಲು ಗಂಟೆ ತಡವಾಗಿ ಹುಟ್ಟಿದ ಅವಳಿ ತಮ್ಮ ಕಾಟೊನದು. ಮುಖ ಒಂದೇ ಆದಮೇಲೆ ಬೆರಳೂ ಒಂದೇ ಇರುತ್ತದೆಂದು ವಾಸ್ವ ತಿಳಿದಿದ್ದ. ಅದನ್ನು ಯಾರಲ್ಲೂ ಕೇಳಿರಲಿಲ್ಲ. ಕೇಳುವಂಥ ಮಾತೂ ಅದಾಗಿರಲಿಲ್ಲ.

"ಕಾಟೊ ಬುಲೇಗ ಅಂದ್ರೆ ನೀವೇ ತಾನೇ?" ಅಪೊಲೊಟ್ ಚೀಟಿಯನ್ನೂ ಅವನನ್ನೂ ನೋಡಿದಳು.

ಗಾಜಿನ ಗೋಡೆಯ ಆಚೆ ಕೆಂಪು ಬೈಕೊಂದು ನಿಂತಿತ್ತು. ಅದರ ಹ್ಯಾಂಡಲಿಗೆ ಕಟ್ಟಿದ ರಟ್ಟಿನ ತುಂಡಿನ ಮೇಲೆ ಕಾಟೊ ಬುಲೇಗ ಎಂದೇ ಬರೆದಿತ್ತು. ವಾಸ್ವ ಜೇಬಿಗೆ ಕೈಹಾಕಿ ಇನ್ನೊಂದು ಗುರುತಿನ ಚೀಟಿ ತೆಗೆದು ಮೊದಲಿನದರ ಪಕ್ಕದಲ್ಲಿಟ್ಟ.

ಅವಳು ಎರಡನ್ನೂ ನೋಡಿದಳು. "ಅವಳಿ," ಎಂದಳು.

"ಹೌದು ಮೇಡಂ."

"ಒತ್ತಿ."

ಒತ್ತಿದ. ಹಸಿರು.

ಅಪೊಲೊಟ್ ಕುರ್ಚಿಗೆ ಒರಗಿ ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿದಳು. "ಮೊದಲನೇ ಚೀಟಿ ನಾನು ನೋಡಿಲ್ಲ. ಜೇಬಿಗೆ ಹಾಕಿ. ಸಾಹೇಬರು ಊಟಕ್ಕೆ ಹೋಗಿದಾರೆ, ನಿಮ್ಮ ಪುಣ್ಯ. ಅವರಿದ್ದಿದ್ರೆ ನೀವು ಈಗ ಸ್ಟೇಷನ್ನಲ್ಲಿ ಕೂತಿರ್ತಿದ್ರಿ." ಆಮೇಲೆ ಅವನು ತಂದಿದ್ದ ಕಾಗದಗಳನ್ನು ತಿರುವಿದಳು. "ಮನೆ ಯಜಮಾನಿ ಕಾಗದ, ಕಾಟೊ ಹೆಸರಲ್ಲಿ. ಬಡಾವಣೆ ಚೇರ್ಮನ್ ಕಾಗದ, ಕಾಟೊ ಹೆಸರಲ್ಲಿ. ಹೆಬ್ಬೆಟ್ಟು ಮಾತ್ರ ವಾಸ್ವಂದು. ಎಲ್ಲಿ ಆ ಕಾಟೊ?"

"ಇಲ್ಲಿಲ್ಲ."

"ಇಲ್ಲಿಲ್ಲ ಅನ್ನೋದು ನನಗೂ ಕಾಣ್ತಿದೆ. ನೋಡಿ, ಸ್ವಂತ ಮನೆ ಇದ್ದೋರು ಜಾಗದ ಪತ್ರ ಒಂದು ತಂದ್ರೆ ನನ್ನ ಕೆಲಸ ಮುಗೀತು. ಬಾಡಿಗೆ ಮನೆಯೋರು ಅಂದ್ರೆ ತಲೆನೋವು. ಬೈಕಿಗೂ ಚಕ್ರ ಇದೆ, ನಿಮಗೂ ಚಕ್ರ ಇದೆ. ನಾಳೆ ಎಲ್ಲಿ ಹುಡುಕಲಿ?" ಅವಳು ಮೇಜಿನ ಖಾನೆಯಿಂದ ಇಂಗ್ಲಿಷಿನ ಒಂದು ಹಾಳೆ ತೆಗೆದಳು. "ಎರಡು ಕಾಗದಾನೂ ವಾಸ್ವನ ಹೆಸರಲ್ಲಿ ಮಾಡಿಸ್ಕೊಂಡು ಬನ್ನಿ. ಅದರ ಜೊತೆ ಇದು. ಅದೇ ಖೋಲೀಲಿ ಮೊದಲಿದ್ದೋರು ಏನಾದ್ರು ಅಂತ ಹೇಳೋ ಫಾರಂ. ಎರಡು ಚೌಕ ಇದೆ, ಒಂದಕ್ಕೆ ಗೀಟು ಹಾಕಿಸಿ ಕೆಳಗೆ ಚೇರ್ಮನ್ ಮೊಹರು ಒತ್ತಿಸಿ. ಮನೆ ಬದಲಾಯಿಸಿದ್ರೆ ಮೊದಲನೇದು, ಅವರ ಹೊಸ ವಿಳಾಸ ಬೇಕು. ಇಲ್ಲಾ ಅಂದ್ರೆ ಎರಡನೇದು."

ಎರಡನೆಯದರಲ್ಲಿ ಏನಿದೆಯೆಂದು ಅವನು ಕೇಳಲಿಲ್ಲ. ಅಷ್ಟು ಇಂಗ್ಲಿಷು ಅವನಿಗೂ ಬರುತ್ತಿತ್ತು.

"ಶುಕ್ರವಾರದ ತನಕ ಬೈಕು ಹಿಡಿದಿಟ್ಕೋತೀನಿ. ಶನಿವಾರ ಬೆಳಿಗ್ಗೆ ಇನ್ನೊಬ್ಬರದು."

ತಾನಿದ್ದ ಚೇಬಾಂಡೊ ಬಡಾವಣೆಯ ಕಡೆಗೆ ಏರು ಹತ್ತುವಾಗ ಹಾಜಿ ಸೆಕಿದ್ದೆಯ ಹಳೆಯ ಬೈಕು ಕೆಮ್ಮುತ್ತಿತ್ತು. ವಾಸ್ವ ದಿನಬಾಡಿಗೆ ಕೊಟ್ಟು ಓಡಿಸುತ್ತಿದ್ದದ್ದು ಅದನ್ನೇ. ಈ ತಿಂಗಳು ಮುಗಿಯುವಷ್ಟರಲ್ಲಿ ಹಾಜಿ ಎಲ್ಲ ಬೈಕುಗಳನ್ನೂ ಮಾರಿ ಕೋಳಿ ಸಾಕಲು ಹೊರಟಿದ್ದ. ಓಡಿಸಲು ಗಾಡಿಯಿಲ್ಲದವನಿಗೆ ಬೋಡ ನಿಲ್ದಾಣದಲ್ಲಿ ಜಾಗವಿಲ್ಲ. ಹಾಗಾದರೆ ಉಳಿಯುವುದು ತನ್ನ ಊರು ಗೊಂಬಾದ ಇಟ್ಟಿಗೆ ಗೂಡು. ಆ ಹೊಗೆಯಲ್ಲಿ ಆರು ವರ್ಷ ಕೆಮ್ಮಿದ ಎದೆ ಕಂಪಾಲಕ್ಕೆ ಬಂದಮೇಲಷ್ಟೇ ಸುಮ್ಮನಾಗಿತ್ತು.

ಬಂದದ್ದಾದರೂ ಹೇಗೆ? ಎರಡು ವರ್ಷದ ಹಿಂದೆ ಕಾಟೊ ಈಸ್ಟರಿಗೆಂದು ಊರಿಗೆ ಹೋಗಿದ್ದ. ಬಸ್ಸಿನಿಂದ ಇಳಿದಾಗಲೇ ಕಣ್ಣು ಹಳದಿಯಾಗಿತ್ತು. ನಾಲ್ಕು ದಿನಕ್ಕೆ ಬಾಳೆತೋಟದ ಅಂಚಿನಲ್ಲಿ ಗುಂಡಿ ತೋಡಿದರು. ಯಾರೂ ದನಿಯೆತ್ತಿ ಅಳಲಿಲ್ಲ. ಅವಳಿಗಳ ವಿಷಯದಲ್ಲಿ ಆ ಒಂದು ಮಾತನ್ನು ಆಡುವುದಿಲ್ಲ. ಹಾರಿದ ಎನ್ನುತ್ತಾರೆ. ಬಾಯಿತಪ್ಪಿ ಆ ಮಾತು ಬಂದರೆ, ಉಳಿದವನಿಗೂ ಕರೆ ಹೋಗುತ್ತದೆ. ಅವಳಿಗಳನ್ನು ಹೆತ್ತವಳಾದ್ದರಿಂದ ಅವ್ವ ಊರಿಗೆಲ್ಲ ನಲೊಂಗೊ. ಆ ಗೌರವದ ಹೆಸರನ್ನು ಅವಳಿಂದ ಯಾರೂ ಕಿತ್ತುಕೊಳ್ಳುವಂತಿಲ್ಲ, ಒಬ್ಬನೇ ಉಳಿದರೂ. "ಪಟ್ಟಣಕ್ಕೆ ಹೋಗಿ ತಮ್ಮನ ಸಾಮಾನು ತಗೊಂಡು ಬಾ," ಎಂದಿದ್ದಳು. "ಕೇಳಿದ್ರೆ ಹಾರಿದ ಅನ್ನು. ಬೇರೆ ಮಾತು ನಿನ್ನ ಬಾಯಲ್ಲಿ ಬರಕೂಡದು. ನನಗಿರೋದು ನೀನೊಬ್ಬ."

ಹಾಗೆ ಬಂದು, ಕಾಟೊ ಬಾಡಿಗೆಗಿದ್ದ ವಠಾರದ ಗೇಟನ್ನು ಅವನು ಮೊದಲ ಸಲ ದಾಟಿದಾಗ ಯಜಮಾನಿ ನಬ್ಬೋಸ ಪಾತ್ರೆ ಉಜ್ಜುತ್ತ ಕೂತಿದ್ದಳು. ಆರು ಖೋಲಿಯ ವಠಾರದಲ್ಲಿ ಎಲ್ಲರೂ ಅವಳನ್ನು ಜಾಜಾ, ಅಂದರೆ ಅಜ್ಜಿ, ಎನ್ನುತ್ತಿದ್ದರು.

"ಬಂದ್ಯಾ ಕಾಟೊ? ಏನೋ ಇದು, ಊರಿಗೆ ಹೋಗಿ ತಿಂದುಂಡು ಬರ್ತೀಯ ಅಂದ್ರೆ ಒಣಮೀನಿನ ಹಂಗೆ ಬಂದಿದೀಯ! ನಿನಗೆ ಅಂತ ಕೋಳಿ ತೊಡೆ ಎತ್ತಿಟ್ಟಿದ್ದೆ. ಮಂಗಳವಾರದ ತನಕ ಕಾದು ಬೆಕ್ಕಿಗೆ ಹಾಕಿದೆ."

ವಾಸ್ವ ಬಾಯಿ ತೆರೆದ. ಹಾರಿದ ಎಂಬ ಮಾತು ನಾಲಿಗೆಯ ಮೇಲೇ ಇತ್ತು. "ಹೌದು ಜಾಜಾ," ಎಂಬುದು ಹೊರಬಂತು.

ಅದೊಂದು ದಿನಕ್ಕೆ ಸಾಕೆಂದುಕೊಂಡಿದ್ದ. ಮರುದಿನ ಕಾಟೊ ಬೈಕು ಓಡಿಸುತ್ತಿದ್ದ ನಿಲ್ದಾಣದವರು ಬಂದು ಎಳೆದುಕೊಂಡು ಹೋದರು. ಮೊದಲ ವಾರವೇ ತರಕಾರಿ ಹೆಂಗಸೊಬ್ಬಳನ್ನು ಅವಳ ಟೊಮ್ಯಾಟೊ ಸಮೇತ ಚರಂಡಿಗೆ ಕೆಡವಿದ. "ಈಸ್ಟರ್ ಹಬ್ಬ ಇವನ ತಲೆ ತಿಂದಿದೆ," ಎಂದು ನಕ್ಕರು. ಕಾಟೊ ಮಾತಿನಮಲ್ಲ. ವಾಸ್ವ ಮೂಕ. ಊರಲ್ಲಿ ದೇವರ ದಾರಿ ಹಿಡಿದಿರಬೇಕು, ಅದಕ್ಕೇ ಸುಮ್ಮನಾಗಿದ್ದಾನೆ ಎಂದುಕೊಂಡರು. ಕಾಟೊ ಎಂದು ಕೂಗಿದರೆ ತಿರುಗಲು ಮೊದಲಿಗೆ ಒಂದು ಗಳಿಗೆ ತಡವಾಗುತ್ತಿತ್ತು. ಬರಬರುತ್ತ ಅದೂ ಹೋಯಿತು. ಕಾಟೊ ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕಿಕೊಳ್ಳುತ್ತಿದ್ದನಂತೆ. ಇವನೂ ಹಾಕಿಕೊಂಡ. ಈಗ ಇಲ್ಲದಿದ್ದರೆ ರುಚಿಸುವುದಿಲ್ಲ.

ಒಂದು ಮಾತ್ರ ಅಭ್ಯಾಸವಾಗಲಿಲ್ಲ. ಅವಳಿ ಗಂಡುಮಕ್ಕಳಲ್ಲಿ ಹಿರಿಯನಿಗೆ ವಾಸ್ವ, ಕಿರಿಯನಿಗೆ ಕಾಟೊ ಎಂದೇ ಹೆಸರಿಡುವ ನಾಡು ಅದು; ಕಾಟೊ ಎಂಬ ಹೆಸರಿದ್ದಲ್ಲಿ ಅವನಿಗೊಬ್ಬ ಅಣ್ಣ ವಾಸ್ವ ಇದ್ದೇ ಇರುತ್ತಾನೆಂದು ಎಲ್ಲರಿಗೂ ಗೊತ್ತು. ಜಾಜಾ ವಾರಕ್ಕೊಮ್ಮೆಯಾದರೂ ಕೇಳುವಳು. "ವಾಸ್ವ ಹೆಂಗಿದಾನೆ? ಒಂದು ದಿನಾನೂ ಬರಲ್ವಲ್ಲೋ ಅವನು?" 

"ಚೆನ್ನಾಗಿದಾನೆ ಜಾಜಾ. ಇಟ್ಟಿಗೆ ಸುಡ್ತಿದಾನೆ."

ಹೀಗೆ ಹೇಳಿದ ಪ್ರತಿ ಸಲವೂ ಗೊಂಬಾದಲ್ಲಿ ಯಾರೋ ನಿಜವಾಗಿಯೂ ಇಟ್ಟಿಗೆ ಸುಡುತ್ತಿದ್ದಾನೆ, ಅವನ ಎದೆಯಲ್ಲಿ ಹೊಗೆ ತುಂಬುತ್ತಿದೆ ಎಂದು ವಾಸ್ವನಿಗೆ ಅನಿಸುತ್ತಿತ್ತು.

ಹೋದ ಕ್ರಿಸ್ಮಸಿಗೆ ಅವಳು ಒಂದೇ ಬಟ್ಟೆಯಲ್ಲಿ ಎರಡು ಅಂಗಿ ಹೊಲಿಸಿದ್ದಳು. ಅವಳಿಗಳಲ್ಲಿ ಒಬ್ಬನಿಗೆ ಕೊಟ್ಟು ಇನ್ನೊಬ್ಬನಿಗೆ ಕೊಡದಿದ್ದರೆ ಸಿಗದವನು ಮುನಿಯುತ್ತಾನೆ. ಅದನ್ನು ಯಾರೂ ಮಾಡುವುದಿಲ್ಲ. ಗುರುತಿಗೆಂದು ಕಾಟೊನ ಅಂಗಿಗೆ ಎಡಕ್ಕೆ ಜೇಬು, ವಾಸ್ವನ ಅಂಗಿಗೆ ಬಲಕ್ಕೆ. ಎಡಜೇಬಿನದು ಬಿಸಿಲಿಗೆ ಮಾಸಿ ಕಾಲರು ಹರಿದಿತ್ತು. ಬಲಜೇಬಿನದು ಮಡಿಕೆ ಬಿಚ್ಚದೆ ಹಾಸಿಗೆಯ ಕೆಳಗಿತ್ತು.

ಬೈಕಿನಂಗಡಿಯಿಂದ ವಠಾರ ತಲುಪಿ ಅವನು ತನ್ನ ಆರನೆಯ ಖೋಲಿಯ ಮುಂದೆ ನಿಂತ. ಬಾಗಿಲ ಬಣ್ಣ ಹಸಿರು. ಹೊಸ ಬಾಡಿಗೆದಾರ ಕಾಲಿಡುವ ಮೊದಲು ಬಾಗಿಲಿಗೆ ಹೊಸ ಬಣ್ಣ ಆಗಲೇಬೇಕು. ಇದು ಜಾಜಾಳ ಕಟ್ಟಳೆ. ಕಾಟೊ ಬಂದಾಗ ತಾನೇ ಕುಂಚ ಹಿಡಿದಿದ್ದನಂತೆ. ಅಗುಳಿಯ ಪಕ್ಕದಲ್ಲಿ, ಒಣಗುವ ಮೊದಲೇ ಮುಟ್ಟಿದ ಒಂದು ಹೆಬ್ಬೆಟ್ಟಿನ ಗುರುತು ಬಣ್ಣದಲ್ಲೇ ಗಟ್ಟಿಯಾಗಿ ಉಳಿದಿತ್ತು. ಎರಡು ವರ್ಷದಿಂದ ಅಗುಳಿ ಎಳೆಯುವಾಗ ವಾಸ್ವನ ಬೆರಳು ಅಲ್ಲಿಗೇ ಹೋಗಿ ಕೂರುತ್ತಿತ್ತು. ತನ್ನದೇ ಎಂಬಂತೆ.

ಇವತ್ತು ಅವನು ಬಗ್ಗಿ ನೋಡಿದ. ಅದರ ಗೆರೆಗಳು ಸುಳಿಯಾಗಿ ಸುತ್ತಿ ನಡುವೆ ಒಂದು ಚುಕ್ಕೆಯಲ್ಲಿ ಮುಗಿಯುತ್ತಿದ್ದವು. ತನ್ನ ಹೆಬ್ಬೆಟ್ಟನ್ನು ಬೆಳಕಿಗೆ ಹಿಡಿದ. ಅಲ್ಲಿ ಸುಳಿಯಿರಲಿಲ್ಲ. ಗೆರೆಗಳು ಬಿಲ್ಲಿನಂತೆ ಏರಿ ಆಚೆ ಇಳಿದುಹೋಗಿದ್ದವು.

ಚೇರ್ಮನ್ ಮುತ್ಯಾಬ ದರ್ಜಿ. ಬಡಾವಣೆಯ ಮೊಹರನ್ನು ಗುಂಡಿಗಳ ಡಬ್ಬಿಯಲ್ಲೇ ಇಟ್ಟಿರುತ್ತಿದ್ದ. ಆ ಎರಡು ಅಂಗಿ ಹೊಲಿದವನೂ ಅವನೇ.

"ವಾಸ್ವನ ಹೆಸರಲ್ಲಿ ಕಾಗದ?" ಅವನು ಹೊಲಿಗೆ ನಿಲ್ಲಿಸದೆ ಕೇಳಿದ. "ಅಣ್ಣ ಬರ್ತಿದಾನಾ? ಬರಲಿ ಬರಲಿ. ಬರೋದಾದ್ರೆ ಮೊದಲು ನಬ್ಬೋಸಮ್ಮನ ಕಾಗದ ತರಲಿ. ಯಾರು ಬಾಡಿಗೆಗಿದಾರೆ ಅಂತ ಅವಳು ಹೇಳ್ಬೇಕು, ಹೌದು ಅಂತ ನಾನು ಮೊಹರು ಒತ್ಬೇಕು. ನಾನೇ ಮೊದಲು ಒತ್ತಿದ್ರೆ, ಕತ್ತರಿಸೋಕೆ ಮುಂಚೆ ಹೊಲಿದ ಹಂಗಾಗುತ್ತೆ."

ವಾಸ್ವ ಇಂಗ್ಲಿಷಿನ ಹಾಳೆಯನ್ನು ಯಂತ್ರದ ಮೇಲಿಟ್ಟ. ಮುತ್ಯಾಬ ಕನ್ನಡಕ ಏರಿಸಿ ಓದಿದ. ಎರಡನೆಯ ಚೌಕದ ಹತ್ತಿರ ಬಂದಾಗ ಅವನ ಕಾಲು ಪೆಡಲಿನ ಮೇಲೆ ನಿಂತಿತು. ತಲೆಯೆತ್ತಿ ಎದುರಿಗಿದ್ದವನ ಮುಖವನ್ನು ಬಹಳ ಹೊತ್ತು ನೋಡಿದ. ಅಳತೆ ತೆಗೆಯುವಾಗ ನೋಡುತ್ತಾರಲ್ಲ, ಹಾಗೆ.

"ಎರಡು ವರ್ಷ ನಿನಗೆ ಅಂಗಿ ಹೊಲಿದಿದೀನಿ," ಎಂದ ಮೆಲ್ಲಗೆ. "ಭುಜ ಅರ್ಧ ಇಂಚು ಅಗಲ ಆಗಿದೆ ಅಂದ್ಕೊಂಡಿದ್ದೆ. ಗಾಡಿ ಓಡಿಸಿ ಹಿಂಗಾಗಿದೆ ಅಂತ."

"ಗೂಡಲ್ಲಿ ಇಟ್ಟಿಗೆ ಹೊತ್ತಿದ್ದು, ಚೇರ್ಮನ್ನರೇ."

ಮುತ್ಯಾಬ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ಕೊಟ್ಟ. "ಆ ಗೀಟು ನನ್ನ ಕೈಲಿ ಹಾಕಿಸ್ಬೇಡ. ನನ್ನ ಮಗಳೂ ನಲೊಂಗೊ. ಎರಡು ಮೊಮ್ಮಕ್ಕಳು ಅಲ್ಲೇ ಒಳಗೆ ಮಲಗಿದಾವೆ." ಸ್ವಲ್ಪ ತಡೆದು ಕೇಳಿದ, "ನಬ್ಬೋಸಮ್ಮನಿಗೆ ಗೊತ್ತಾ?"

ಇಲ್ಲವೆಂದು ತಲೆಯಾಡಿಸಿದ.

"ಹೋಗು ಹೇಳು. ನಾನು ಹೇಳಲ್ಲ."

ಬುಧವಾರ ನಿಲ್ದಾಣದ ಮಾವಿನ ಮರದಡಿ ನಿಂತು ಅವ್ವನಿಗೆ ಫೋನು ಮಾಡಿದ. ಅವಳು ಎಲ್ಲ ಕೇಳಿದಳು. ಹಿಂದೆ ಆಡುಗಳ ಸದ್ದು ಬರುತ್ತಿತ್ತು. "ಆ ಕಾಗದಕ್ಕೆ ಒಬ್ಬ ಸಾಕೋ, ಇಬ್ಬರೂ ಬೇಕೋ ಕೇಳ್ಕೊಂಡು ಬಾ ಹೋಗು," ಎಂದಷ್ಟೇ ಹೇಳಿ ಫೋನಿಟ್ಟಳು. ಅವನು ಅಲ್ಲೇ ಕೂತು ಪೆನ್ನು ತೆಗೆದು ಎರಡನೆಯ ಚೌಕದ ಮೇಲೆ ಹಿಡಿದ. ಗೀಟು ಎಳೆಯಲು ಎಷ್ಟು ಹೊತ್ತು ಬೇಕು? ಅಷ್ಟರಲ್ಲಿ ಒಂದು ಲಾರಿ ಹಾರನ್ನು ಬಾರಿಸುತ್ತ ಅವನ ಮೊಣಕಾಲಿಗೆ ಗಾಳಿ ಬಡಿಯುವಷ್ಟು ಹತ್ತಿರದಲ್ಲಿ ಹಾದುಹೋಯಿತು. ಆ ರಸ್ತೆಯಲ್ಲಿ ಲಾರಿಗಳು ದಿನವೂ ಹಾಗೆಯೇ ಹೋಗುತ್ತವೆ. ಅವನು ಪೆನ್ನಿಗೆ ಮುಚ್ಚಳ ಹಾಕಿದ.

ಗುರುವಾರ ಮಧ್ಯಾಹ್ನ ಜಾಜಾ ಚಾಪೆಯ ಮೇಲೆ ಕಾಲು ಮಡಿಸಿ ಕೂತು ಮಟೋಕೆಗೆಂದು ಹಸಿ ಬಾಳೆಕಾಯಿ ಸುಲಿಯುತ್ತಿದ್ದಳು. ವಾಸ್ವ ಹಾಸಿಗೆಯ ಕೆಳಗಿಂದ ಬಲಜೇಬಿನ ಅಂಗಿ ತೆಗೆದ. ಮೈಮೇಲೆ ಹಾಕಿಕೊಂಡಾಗ ಮಡಿಕೆಯ ಗೆರೆಗಳು ಎದೆಯ ಮೇಲೆ ಕಿಟಕಿಯ ಸರಳಿನಂತೆ ಮೂಡಿದ್ದವು. ಹೊರಗೆ ಬಂದು ಅವಳೆದುರು ನೆಲದ ಮೇಲೆ ಕೂತ.

"ಏನೋ, ಇವತ್ತು ಸವಾರಿ ಇಲ್ವಾ? ಹೆಣ್ಣು ನೋಡೋಕೆ ಹೊರಟಂಗಿದೆ," ಎಂದಳು ತಲೆಯೆತ್ತದೆ. "ಹೋಗೋದಾದ್ರೆ ನನ್ನೂ ಕರ್ಕೊಂಡು ಹೋಗು. ನಿನ್ನ ಬಾಯಿಗೆ ಬೀಗ ಬಿದ್ದು ಎರಡು ವರ್ಷ ಆಯ್ತು. ಮಾತಾಡೋಕೆ ಯಾರಾದ್ರೂ ಬೇಕಲ್ಲ."

ಅವಳು ತಲೆಯೆತ್ತಿದಳು. ಚಾಕು ಸಿಪ್ಪೆಯ ನಡುವೆ ನಿಂತಿತು.

"ಜೇಬು ಬಲಕ್ಕಿದೆ."

"ಹೌದು ಜಾಜಾ."

"ಅದು ನಿಂದಲ್ಲ. ವಾಸ್ವಂದು. ಕಳಿಸಿಲ್ವಾ ಇನ್ನೂ?"

"ಅದು ನಂದೇ ಜಾಜಾ."

ಎರಡನೆಯ ಖೋಲಿಯ ರೇಡಿಯೋದಲ್ಲಿ ಯಾರೋ ಫುಟ್ಬಾಲ್ ಆಟದ ವಿವರ ಹೇಳುತ್ತಿದ್ದ. ಜಾಜಾ ಅವನ ಕೈ ನೋಡಿದಳು, ಕಿವಿ ನೋಡಿದಳು, ಮತ್ತೆ ಜೇಬು ನೋಡಿದಳು. ಚಾಕುವನ್ನು ಬಾಳೆಕಾಯಿಯ ನೀರಿಗೆ ಇಳಿಸಿಟ್ಟಳು.

"ಯಾವಾಗ ಹಾರಿದ?"

"ಆ ಈಸ್ಟರ್ ಹಬ್ಬದ ಮಾರನೇ ದಿನ. ಸೋಮವಾರ."

"ಸೋಮವಾರ," ಎಂದಳು. "ಮಂಗಳವಾರದ ತನಕ ಕೋಳಿ ಮುಚ್ಚಿಟ್ಕೊಂಡು ಕೂತಿದ್ದೆ ನಾನು."

ಆಮೇಲೆ ಮೆಲ್ಲಗೆ ಕೇಳಿದಳು, "ಮಳೇಲಿ ನನ್ನನ್ನ ಆಸ್ಪತ್ರೆಗೆ ಹೊತ್ಕೊಂಡು ಹೋದೋನು ಯಾರು?"

"ಅದು ಅವನು. ಅದು ಮುಂಚೆ."

"ಕಣ್ಣಿಗೆ ದಿನಾ ಔಷಧಿ ಬಿಡ್ತಿದ್ದೋನು?"

"ನಾನು."

"ನನ್ನ ಮಗಳು ನನ್ನ ಮುಖ ನೋಡಲ್ಲ ಅಂತ ಹೇಳ್ಕೊಂಡು ಅತ್ತೆನಲ್ಲ ಹೋದ ವರ್ಷ. ಯಾರ ಮುಂದೆ ಅತ್ತೆ?"

"ನನ್ನ ಮುಂದೆ ಜಾಜಾ."

"ನಿನ್ನ ಪರಿಚಯವೇ ಇಲ್ಲವಲ್ಲೋ ನನಗೆ!"

ವಾಸ್ವ ತಲೆ ತಗ್ಗಿಸಿದ. ಅಂಗಿಯ ಹೊಸ ಕಾಲರು ಕುತ್ತಿಗೆಗೆ ಚುಚ್ಚುತ್ತಿತ್ತು.

"ಎರಡು ವರ್ಷ," ಎಂದಳು. "ಎರಡು ವರ್ಷ ಅವನು ಅಲ್ಲಿದಾನೆ. ನಾನಿಲ್ಲಿ ವಾರ ವಾರ ವಾಸ್ವ ಹೆಂಗಿದಾನೆ, ವಾಸ್ವ ಹೆಂಗಿದಾನೆ ಅಂತ ಕೇಳ್ತಾ ಕೂತೆ. ಅವನನ್ನ ಒಂದು ಸಲಾನೂ ಕೇಳಲಿಲ್ಲ. ಎದುರಿಗೇ ಇದಾನಲ್ಲ ಅಂತ."

ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಳೆಕಾಯಿ ಅರ್ಧ ಸುಲಿದಂತೆಯೇ ಇತ್ತು. ವಾಸ್ವ ಉಳಿದದ್ದನ್ನು ಸುಲಿದು, ತೊಳೆದು, ಎಲೆಯಲ್ಲಿ ಸುತ್ತಿ ಒಲೆಯ ಮೇಲೆ ಬೇಯಲಿಟ್ಟ. ಒಳಗಿಂದ ಅಳುವೇನೂ ಕೇಳಲಿಲ್ಲ. ಕೇಳುವುದೂ ಇಲ್ಲವೆಂದು ಅವನಿಗೆ ಗೊತ್ತಿತ್ತು.

ಬಿಸಿಲು ಗೋಡೆ ಹತ್ತಿದಾಗ ಅವಳು ಹೊರಗೆ ಬಂದಳು. ಮುಖ ತೊಳೆದಿದ್ದಳು. "ಅಂಗಿ ಯಾಕೆ ಇವತ್ತೇ ಹಾಕ್ಕೊಂಡೆ? ಏನೋ ಬೇಕಾಗಿದೆ ನಿನಗೆ. ಏನು?"

ಅವನು ಹೇಳಿದ. ಕಾಗದ, ಬೈಕು, ಶುಕ್ರವಾರ, ಎರಡು ಚೌಕ.

"ಅಂದ್ರೆ ಆ ಬೈಕು ಇಲ್ದಿದ್ರೆ ಇದನ್ನೂ ಹೇಳ್ತಿರಲಿಲ್ಲ ನೀನು."

ಅವನು ಒಲೆಯೊಳಕ್ಕೆ ಒಂದು ಕಟ್ಟಿಗೆ ತಳ್ಳಿದ.

"ಬರಿ," ಎಂದಳು. ಅವಳಿಗೆ ಓದು ಬರಹ ಬಾರದು. ವಠಾರದ ಕಾಗದಗಳನ್ನು ಬಾಡಿಗೆದಾರರೇ ಬರೆದು ಅವಳಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ರೂಢಿ. "ವಾಸ್ವ ಬುಲೇಗ ನನ್ನ ಆರನೇ ಖೋಲೀಲಿ ಇದಾನೆ ಅಂತ ಬರಿ."

"ಯಾವಾಗಿಂದ ಅಂತ ಬರೀಲಿ?"

ಅವಳು ಯೋಚಿಸಿದಳು. "ಎರಡು ವರ್ಷದಿಂದ. ಬಾಡಿಗೆ ಕೊಟ್ಟೋನು ನೀನೇ ತಾನೇ."

ಬರೆದ. ಒಲೆಯ ಪಕ್ಕದಲ್ಲಿದ್ದ ಇನ್ನೊಂದು ಪಾತ್ರೆಯ ತಳಕ್ಕೆ ಹೆಬ್ಬೆಟ್ಟು ಒರೆಸಿ ಮಸಿ ಹತ್ತಿಸಿಕೊಂಡು ಅವಳು ಕೆಳಗೆ ಒತ್ತಿದಳು. ಆಮೇಲೆ ಇಂಗ್ಲಿಷಿನ ಹಾಳೆ ಕೊಟ್ಟ. ಅವಳು ಅದನ್ನು ತಿರುಗಿಸಿ ಹಿಡಿದಳು. ತಲೆಕೆಳಗಾಗಿದೆಯೆಂದು ಅವನು ಹೇಳಲಿಲ್ಲ.

"ಚೇರ್ಮನ್ ಗೀಟು ಹಾಕಲ್ಲ ಅಂದ್ರು. ನನ್ನ ಕೈಲೂ ಆಗ್ತಿಲ್ಲ, ಜಾಜಾ. ಅವ್ವ..."

"ಅವ್ವನ ಮಾತು ಬೇಡ. ಅವಳ ಸಂಕಟ ನನಗೆ ಗೊತ್ತು." ಹಾಳೆಯನ್ನು ಮಂಡಿಯ ಮೇಲೆ ಹರಡಿದಳು. "ನೀನು ಹೇಳ್ಬೇಡ. ನಾನು ಕೇಳಲ್ಲ. ಇದರಲ್ಲಿರೋ ಒಂದಕ್ಷರವೂ ನನಗೆ ಗೊತ್ತಾಗಲ್ಲ. ಎಲ್ಲಿ ಒತ್ಬೇಕು ಅಷ್ಟು ತೋರಿಸು."

ವಾಸ್ವ ಹಾಳೆಯನ್ನು ಸರಿಯಾಗಿ ತಿರುಗಿಸಿ ಬೆರಳಿಟ್ಟು ತೋರಿಸಿದ. ಬೆರಳು ಒಂದು ಕ್ಷಣ ಮೊದಲನೆಯ ಚೌಕದ ಕಡೆ ಹೋಯಿತು. ಮತ್ತೆ ಕೆಳಗಿಳಿಯಿತು. ಅವಳು ಹೆಬ್ಬೆಟ್ಟಿಗೆ ಇನ್ನೊಮ್ಮೆ ಮಸಿ ಹಚ್ಚಿಕೊಂಡು, ಮುಖ ಪಕ್ಕಕ್ಕೆ ತಿರುಗಿಸಿ, ಒತ್ತಿದಳು. ಚೌಕವೂ ಅದರ ಮುಂದಿನ ಮಾತೂ ಮಸಿಯಡಿ ಅರ್ಧ ಮುಚ್ಚಿಹೋದವು.

"ಮಟೋಕೆಗೆ ಉಪ್ಪು ಹಾಕಿದ್ಯಾ?" ಎಂದು ಕೇಳಿದಳು.

"ಇಲ್ಲ ಜಾಜಾ."

"ಅವನೂ ಮರೀತಿದ್ದ," ಎಂದು ಎದ್ದಳು.

ಶುಕ್ರವಾರ ಬೆಳಿಗ್ಗೆ ಮುತ್ಯಾಬ ತನ್ನ ಕಾಗದವನ್ನು ವಾಸ್ವನ ಹೆಸರಿನಲ್ಲಿ ಬರೆದುಕೊಟ್ಟ. ಇಂಗ್ಲಿಷಿನ ಹಾಳೆಯ ಮೇಲ್ಭಾಗಕ್ಕೆ ಒಂದು ಲಂಗದ ತುಂಡನ್ನು ಹೊದಿಸಿ, ಕೆಳಗೆ ಉಳಿದ ನಾಲ್ಕು ಬೆರಳಗಲದಲ್ಲಿ ಮೊಹರು ಒತ್ತಿದ. "ಮೇಲೆ ಏನಿದೆಯೋ ನಾನು ಕಂಡಿಲ್ಲ. ಕೆಳಗಿರೋದು ನನ್ನ ಮೊಹರು, ಅದಕ್ಕೆ ಮಾತ್ರ ನಾನು ಜವಾಬ್ದಾರ," ಎಂದ.

ಅಪೊಲೊಟ್ ಹಾಳೆಯನ್ನು ಬೆಳಕಿಗೆ ಹಿಡಿದಳು. "ಇಲ್ಲಿ ಗೀಟು ಹಾಕಿ ಅಂದ್ರೆ ಹೆಬ್ಬೆಟ್ಟು ಒತ್ತಿದಾರಲ್ಲ! ಮಸಿ ವಾಸನೆ ಬೇರೆ." ವಾಸ್ವನ ಮುಖ ನೋಡಿ ಮುಂದಿನ ಮಾತು ನುಂಗಿದಳು. "ಇರಲಿ. ಆದ್ರೆ ಇದನ್ನ ನಾನು ಓದಿ ಹೇಳ್ಬೇಕು, ನೀವು ಹೌದು ಅನ್ಬೇಕು. ಅದು ನಿಯಮ. ರೆಕಾರ್ಡ್ ಆಗುತ್ತೆ."

ಓದಿದಳು. ಇಂಗ್ಲಿಷಿನಲ್ಲಿ ಕಾಟೊನ ಹೆಸರಿನ ಮುಂದೆ ಬಂದ ಆ ಪದ ಮೆತ್ತಗೆ, ಯಾವುದೋ ಬಟ್ಟೆಯ ಹೆಸರಿನಂತೆ ಕೇಳಿಸಿತು. ಅವನು ಗಾಜಿನ ಆಚೆ ನೋಡಿದ. ಹ್ಯಾಂಡಲಿನ ರಟ್ಟನ್ನು ಯಾರೋ ಬಿಚ್ಚುತ್ತಿದ್ದರು.

"ಹೌದೇ?"

ಅಂಗಡಿಯಲ್ಲಿ ಫ್ಯಾನು ತಿರುಗುತ್ತಿತ್ತು. ಅವಳು ಕಾದಳು.

"ಹೌದು," ಎಂದ ವಾಸ್ವ.

ಗಾಜಿನ ಮೇಲೆ ಹೆಬ್ಬೆಟ್ಟಿಟ್ಟ. ಹಸಿರು ದೀಪ ಹತ್ತಿತು.

ಹೊಸ ಬೈಕು ಬೆಣ್ಣೆಯಂತೆ ಓಡಿತು. ಆದರೆ ಚೇಬಾಂಡೊದ ಏರಿನಲ್ಲಿ ಹಿಂದೆ ಯಾರೋ ಕೂತಂತೆ ಭಾರವಾಯಿತು. ಎರಡು ಸಲ ಗೇರು ಇಳಿಸಿದ. ಕನ್ನಡಿಯಲ್ಲಿ ನೋಡಿದ. ಖಾಲಿ ಸೀಟು, ಅದರ ಮೇಲಿನ್ನೂ ಕೀಳದ ಪ್ಲಾಸ್ಟಿಕ್ ಹಾಳೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ಹೊಸ ಎಂಜಿನ್ನು, ಮೊದಮೊದಲು ಹೀಗೇ ಇರುತ್ತದೆ ಎಂದುಕೊಂಡ. ಅಲ್ಲಿಂದ ಮುಂದೆ ಬಹಳ ನಿಧಾನವಾಗಿ ಓಡಿಸಿದ.

ನಿಲ್ದಾಣದಲ್ಲಿ ಸುದ್ದಿ ಆಗಲೇ ಮುಟ್ಟಿತ್ತು. ಎಂದಿನಂತೆ ಯಾರೂ ಕೂಗಿ ಕರೆಯಲಿಲ್ಲ. ಒಬ್ಬ ಕೈ ಎತ್ತಿದ. ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ತಲೆ ಕೆರೆದುಕೊಂಡ.

ವಠಾರದೊಳಗೆ ಬೈಕು ತಂದು ನಿಲ್ಲಿಸಿದಾಗ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಆರನೆಯ ಖೋಲಿಯ ಬಾಗಿಲು ನೀಲಿಯಾಗಿತ್ತು. ಮೇಲಿಂದ ಕೆಳಗಿನವರೆಗೆ, ಅಗುಳಿಯ ಸುತ್ತಲೂ, ಎಲ್ಲೂ ಬಿಡದೆ. ಹೊಸ್ತಿಲ ಬಳಿ ಡಬ್ಬಿ, ಕುಂಚ. ಜಗುಲಿಯ ಮೇಲೆ ಜಾಜಾ ಸೀಮೆಎಣ್ಣೆಯಲ್ಲಿ ಕೈ ತೊಳೆದುಕೊಳ್ಳುತ್ತಿದ್ದಳು. ಮೊಣಕೈತನಕ ನೀಲಿ.

"ಬಾಡಿಗೆ ಎರಡು ವರ್ಷದ್ದೇ ಇರಬಹುದು," ಎಂದಳು. "ಬಾಗಿಲಿಗೆ ನೀನು ಹೊಸಬ."

ಅವನು ಬಾಗಿಲ ಬಳಿಗೆ ನಡೆದ. ಅಗುಳಿಯ ಪಕ್ಕದಲ್ಲಿ, ಹಸಿ ಬಣ್ಣದ ಅಡಿಯಲ್ಲಿ, ಗೊತ್ತಿದ್ದವನಿಗೆ ಮಾತ್ರ ಕಾಣುವಷ್ಟು ಒಂದು ತಗ್ಗು ಉಳಿದಿತ್ತು. ನೀಲಿ ಅಲ್ಲಿ ತುಸು ಹೆಚ್ಚು ನಿಂತು ಹೊಳೆಯುತ್ತಿತ್ತು. ಅವನ ಹೆಬ್ಬೆಟ್ಟು ತಾನಾಗಿ ಮೇಲೆದ್ದು ಅದರ ಹತ್ತಿರ ಹೋಯಿತು. ಒಂದು ಕೂದಲೆಳೆಯಷ್ಟು ಈಚೆ ನಿಂತಿತು.

"ವಾಸ್ವ," ಎಂದು ಜಾಜಾ ಜಗುಲಿಯಿಂದ ಕರೆದಳು. "ಹಸಿ ಇದೆ, ಮುಟ್ಬೇಡ."

ಅಂಗಳದಲ್ಲಿ ಹೊಸ ಎಂಜಿನ್ನು ಆರುತ್ತ ಟಿಕ್ ಟಿಕ್ ಎನ್ನುತ್ತಿತ್ತು.

"ವಾಸ್ವ," ಎಂದು ಅವಳು ಮತ್ತೆ ಕೂಗಿದಳು.

ಅವನು ಬೆರಳನ್ನು ಹಾಗೆಯೇ ಹಿಡಿದು, ಯಾರಾದರೂ ಓಗೊಡುತ್ತಾರೇನೋ ಎಂದು ಕಾಯುತ್ತ ನಿಂತಿದ್ದ.